ವಿಜಯಪುರದ ಚಳಿಯಲ್ಲಿ ಸೈಕಲ್ ತುಳಿಯಲು ಎಂಥ ಕೈಗವಸು ಕೊಳ್ಳಬೇಕು?

ಬೆಳಗಿನ ಐದೂವರೆಗೆ ಮನೆ ಬಿಟ್ಟು ವಿಜಯಪುರದ ಸುತ್ತಮುತ್ತ ಮೂವತ್ತು ನಲವತ್ತು ಕಿಲೋಮೀಟರ್ ಸೈಕಲ್ ತುಳಿಯುತ್ತೀರಿ. ಬಜಾರದಲ್ಲಿ ಕೊಂಡ ದಪ್ಪ ಉಣ್ಣೆಯ ಕೈಗವಸು ಹಾಕಿಕೊಂಡರೂ ಅರ್ಧ ದಾರಿಗೆಲ್ಲ ಬೆರಳುಗಳು ಮರಗಟ್ಟುತ್ತವೆ. ಆದ್ದರಿಂದ ಎರಡೂವರೆ ಸಾವಿರ ರೂಪಾಯಿ ಕೊಟ್ಟು ನೀರು ಒಳಬಿಡದ ಕೈಗವಸನ್ನು ತರಿಸಬೇಕೇ ಎಂಬುದು ನಿಮ್ಮ ಪ್ರಶ್ನೆ. ತರಿಸಬೇಡಿ ಎಂದೇ ನನ್ನ ಉತ್ತರ. ಅದೇ ತಪ್ಪನ್ನು ಮಾಡಿ ಒಂದು ಚಳಿಗಾಲ ಪೂರ್ತಿ ಅನುಭವಿಸಿದವನು ನಾನು. ನಮ್ಮ ಊರಿನ ಚಳಿಗೆ ಮೊದಲು ಬೇಕಾದದ್ದು ಗಾಳಿಯನ್ನು ತಡೆಯುವ ಬಟ್ಟೆ; ದಪ್ಪದ ವಿಚಾರ ಆಮೇಲಿನದು, ನೀರಿನ ಚಿಂತೆಯಂತೂ ಇಲ್ಲಿ ಇಲ್ಲವೇ ಇಲ್ಲ.

ನಮ್ಮದು ಒಣ ಚಳಿ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ಈ ಬಯಲಿನಲ್ಲಿ, ಡಿಸೆಂಬರ್ ಜನವರಿಯ ಮೋಡವಿಲ್ಲದ ರಾತ್ರಿಗಳಲ್ಲಿ, ಹಗಲೆಲ್ಲ ಕಾದ ನೆಲವು ತನ್ನ ಬಿಸಿಯನ್ನು ಯಾವ ಅಡ್ಡಿಯೂ ಇಲ್ಲದೆ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಹಾಗಾಗಿಯೇ ನಮಗಿಂತ ಎತ್ತರದಲ್ಲಿರುವ ಬೆಳಗಾವಿಗಿಂತಲೂ ಇಲ್ಲಿನ ಮುಂಜಾವು ಎಷ್ಟೋ ದಿನ ಹೆಚ್ಚು ತಂಪಾಗಿರುತ್ತದೆ. ಸಿದ್ಧೇಶ್ವರ ಜಾತ್ರೆಯ ಹೊತ್ತಿನ ಕೆಲವು ಬೆಳಗುಗಳಲ್ಲಿ ಪಾದರಸ 10 ಡಿಗ್ರಿಯ ಆಸುಪಾಸಿಗೆ ಇಳಿದು, ಅದೇ ದಿನ ಮಧ್ಯಾಹ್ನ 28–30 ಡಿಗ್ರಿಗೆ ಏರಿಬಿಡುತ್ತದೆ. ಆ ದಿನಗಳಲ್ಲಿ ಸೂರ್ಯ ಹುಟ್ಟುವುದೇ ಏಳರ ಹೊತ್ತಿಗೆ, ಮತ್ತು ಇಡೀ ದಿನದಲ್ಲಿ ಚಳಿ ಅತಿ ಹೆಚ್ಚಾಗಿರುವುದು ಆ ಹೊತ್ತಿನಲ್ಲೇ. ಎಂದರೆ ನೀವು ಮನೆಯಿಂದ ಹೊರಟಾಗ ಇದ್ದುದಕ್ಕಿಂತ ಒಂದೂವರೆ ತಾಸು ತುಳಿದ ಮೇಲಿನ ಚಳಿ ಜಾಸ್ತಿ. ಆದರೆ ಎಂಟೂವರೆಗೆ ಮರಳಿ ಊರೊಳಗೆ ಬರುವಾಗ ಅದೇ ಕೈಗವಸಿನೊಳಗೆ ಅಂಗೈ ಬೆವರಲು ತೊಡಗುತ್ತದೆ. ಹಿಮ ಬೀಳುವ ದೇಶದವರಿಗಾಗಿ ಹೊಲಿದ ಕೈಗವಸು ನಮಗೆ ಒಗ್ಗದಿರುವುದಕ್ಕೆ ಇದೇ ಕಾರಣ. ಅವರಿಗೆ ಇಡೀ ದಿನ ಒಂದೇ ಚಳಿ, ನಮಗೆ ಮೂರು ತಾಸಿನಲ್ಲಿ ಎರಡು ಋತು.

ಇನ್ನು ಗಾಳಿ. ಎಲೆ ಅಲ್ಲಾಡದ ನಸುಕಿನಲ್ಲಿಯೂ ತಾಸಿಗೆ 25 ಕಿಲೋಮೀಟರ್ ವೇಗದಲ್ಲಿ ಹೋಗುವವನ ಮುಂಗೈಗೆ ಅಷ್ಟೇ ವೇಗದ ಗಾಳಿ ಬಡಿಯುತ್ತಿರುತ್ತದೆ. ಹವಾಮಾನದವರು ಗಾಳಿಯ ಥಂಡಿಯನ್ನು ಲೆಕ್ಕ ಹಾಕಲು ಬಳಸುವ ಸೂತ್ರದ ಪ್ರಕಾರ 10 ಡಿಗ್ರಿಯ ಹವೆಯು ಆ ವೇಗದಲ್ಲಿ ಬರಿಯ ಚರ್ಮಕ್ಕೆ ಸುಮಾರು 7 ಡಿಗ್ರಿಯಷ್ಟು ಅನ್ನಿಸುತ್ತದೆ. ಸಿಂದಗಿ ರಸ್ತೆಯಲ್ಲಿ ಮೂಡಗಾಳಿಗೆ ಎದುರಾಗಿ ಹೋಗುತ್ತಿದ್ದರೆ ಇನ್ನೂ ಕಡಿಮೆ. ಮೈಯ ಬೇರೆ ಯಾವ ಭಾಗವೂ ಹೀಗೆ ಮುಂದೆ ಚಾಚಿಕೊಂಡು ಅಲ್ಲಾಡದೆ ಇರುವುದಿಲ್ಲ: ತೊಡೆ ದುಡಿಯುತ್ತದೆ, ಎದೆ ಬಿಸಿಯಾಗುತ್ತದೆ, ಕೈ ಮಾತ್ರ ಹ್ಯಾಂಡಲ್ ಹಿಡಿದು ಸುಮ್ಮನೆ ಕುಳಿತಿರುತ್ತದೆ. ಬೆರಳುಗಳಲ್ಲಿ ಬಿಸಿ ಹುಟ್ಟಿಸುವಷ್ಟು ಸ್ನಾಯುವಿಲ್ಲ; ಅವನ್ನು ಆಡಿಸುವ ದೊಡ್ಡ ಸ್ನಾಯುಗಳಿರುವುದು ಮೊಣಕೈ ಮತ್ತು ಮಣಿಕಟ್ಟಿನ ನಡುವೆ. ಥಂಡಿ ಹತ್ತಿದೊಡನೆ ದೇಹವು ಒಳಗಿನ ಅಂಗಗಳನ್ನು ಕಾಯಲೆಂದು ಬೆರಳುಗಳಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ನಿಮ್ಮ ದಪ್ಪ ಕೈಗವಸು ಮನೆಯ ಕಟ್ಟೆಯ ಮೇಲೆ ಬೆಚ್ಚಗಿದ್ದು ರಸ್ತೆಯಲ್ಲಿ ಕೈಕೊಡುವುದು ಏಕೆಂದರೆ ಅದರ ಹೆಣಿಗೆಯ ಕಣ್ಣುಗಳ ಮೂಲಕ ಗಾಳಿ ನುಗ್ಗಿ, ಒಳಗೆ ಬೆಚ್ಚಗಾಗಿ ನಿಂತಿದ್ದ ಹವೆಯನ್ನು ಹೊಡೆದುಕೊಂಡು ಹೋಗುತ್ತದೆ.

ಇದು ಬರಿಯ ಸುಖದ ಪ್ರಶ್ನೆಯಲ್ಲ ಎಂದು ನನಗೆ ತಿಳಿದದ್ದು ಬಬಲೇಶ್ವರ ರಸ್ತೆಯಲ್ಲಿ. ಸಾರವಾಡದ ಹತ್ತಿರ ಡೋಣಿ ನದಿಯ ಕಡೆಗೆ ಇಳಿಯುವಾಗ ಥಟ್ಟನೆ ಚಳಿ ಹೆಚ್ಚಾಗುವುದನ್ನು ನೀವೂ ಗಮನಿಸಿರಬಹುದು. ತಂಪು ಹವೆ ಭಾರವಾದದ್ದರಿಂದ ರಾತ್ರಿಯೆಲ್ಲ ತಗ್ಗಿಗೆ ಇಳಿದು ಅಲ್ಲಿಯೇ ನಿಂತಿರುತ್ತದೆ. ಅಂದು ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಎರಡು ಟ್ರೇಲರ್ ಕಟ್ಟಿಕೊಂಡು ಹೊರಟಿತ್ತು, ಹಿಂದೆ ದೀಪವಿರಲಿಲ್ಲ. ಬ್ರೇಕ್ ಒತ್ತಿದೆ ಎಂದುಕೊಂಡೆ, ಸೈಕಲ್ ನಿಲ್ಲಲಿಲ್ಲ. ನೋಡಿದರೆ ಬೆರಳುಗಳು ಲಿವರಿನ ಮೇಲೆ ಬೇರೆ ಯಾರವೋ ಎಂಬಂತೆ ಸುಮ್ಮನೆ ಒರಗಿದ್ದವು. ಹ್ಯಾಂಡಲನ್ನು ಎಡಕ್ಕೆ ಎಳೆದು ಬಿಳಿಜೋಳದ ಹೊಲಕ್ಕೆ ಇಳಿದೆ. ಕಬ್ಬಿನ ತುದಿಯೊಂದು ಹೆಲ್ಮೆಟ್ಟಿಗೆ ಸವರಿಕೊಂಡು ಹೋಯಿತು, ಅಷ್ಟೇ. ಮುಂದೆ ಚಹಾದ ಅಂಗಡಿಯಲ್ಲಿ ಗ್ಲಾಸನ್ನು ಎರಡೂ ಕೈಯಿಂದ ಅಮುಕಿ ಹಿಡಿದುಕೊಂಡೆ, ಬಿಸಿ ತಟ್ಟಲೇ ಇಲ್ಲ; ಎರಡು ನಿಮಿಷದ ನಂತರ ಬೆರಳುಗಳಿಗೆ ಸೂಜಿ ಚುಚ್ಚಿದಂತಾಗಿ ಕಣ್ಣಲ್ಲಿ ನೀರು ಬಂತು. ಹಾಗೆ ಬಿಸಿ ಗ್ಲಾಸನ್ನು ಹಿಡಿಯುವುದೂ ತಪ್ಪೇ, ಮರಗಟ್ಟಿದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳುವುದೇ ಸರಿಯಾದ ದಾರಿ.

ಈಗ ನಾನು ಬಳಸುವುದು ಎರಡು ಪದರ: ಒಳಗೆ ತೆಳ್ಳನೆಯ ಉಣ್ಣೆಯ ಒಂದು ಜೊತೆ, ಹೊರಗೆ ಗಾಳಿ ತಡೆಯುವ ತೆಳು ಕೈಗವಸು ಇನ್ನೊಂದು ಜೊತೆ. ನಮ್ಮ ಮನೆಗಳ ಕೌದಿಯ ಲೆಕ್ಕವೇ ಇದು. ಹಳೆಯ ಸೀರೆಗಳನ್ನು ಪದರದ ಮೇಲೆ ಪದರ ಇಟ್ಟು ಹೊಲಿದಾಗ ಬಟ್ಟೆಗಿಂತ ಹೆಚ್ಚಾಗಿ ಆ ಪದರಗಳ ನಡುವೆ ಸಿಕ್ಕಿಬಿದ್ದ ಹವೆಯೇ ನಮ್ಮನ್ನು ಬೆಚ್ಚಗಿಡುತ್ತದೆ. ಬಿಸಿಲೇರಿದ ಮೇಲೆ ಹೊರಗಿನದನ್ನು ಕಳಚಿ ಬೆನ್ನ ಜೇಬಿಗೆ ಹಾಕಿದರೆ ಮುಗಿಯಿತು; ದಪ್ಪನೆಯ ಒಂದೇ ಕೈಗವಸಿನಲ್ಲಿ ಈ ಅನುಕೂಲವಿಲ್ಲ. ಒಳಪದರಕ್ಕೆ ಹತ್ತಿಯದನ್ನು, ಅಂದರೆ ಕ್ರಿಕೆಟ್ ಆಡುವವರು ಒಳಗೆ ಹಾಕಿಕೊಳ್ಳುವಂಥದನ್ನು ಮಾತ್ರ ಕೊಳ್ಳಬೇಡಿ: ಬೆವರು ಕುಡಿದ ಹತ್ತಿ ಬೆರಳಿಗೆ ಅಂಟಿಕೊಂಡು ಇದ್ದ ಬಿಸಿಯನ್ನೂ ಎಳೆದುಬಿಡುತ್ತದೆ. ಉಣ್ಣೆಯಾದರೋ ತನ್ನ ತೂಕದ ಸುಮಾರು 30 ಶೇಕಡಾದಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡರೂ ಮುಟ್ಟಿದಾಗ ಹಸಿ ಅನ್ನಿಸುವುದಿಲ್ಲ. ಮಳೆಯಲ್ಲಿ ತೊಯ್ದ ಕಂಬಳಿಯನ್ನು ಹೊದ್ದುಕೊಂಡೇ ಕುರಿ ಕಾಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಬಜಾರದಲ್ಲಿ ಉಣ್ಣೆ ಎಂದು ಮಾರುವುದರಲ್ಲಿ ಬಹಳಷ್ಟು ಅಕ್ರಿಲಿಕ್ ಇರುತ್ತದೆ. ಹಳೆಯ ಉಪಾಯವೆಂದರೆ ಒಂದು ಎಳೆಯನ್ನು ಕಿತ್ತು ಬೆಂಕಿಗೆ ಹಿಡಿಯುವುದು: ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ, ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಅಂಗಡಿಯವನ ಎದುರಿಗೇ ಇದನ್ನು ಮಾಡಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲ. ಅಕ್ರಿಲಿಕ್ ಆದರೂ ಹೊರಗಿನ ಪದರ ಸರಿಯಿದ್ದರೆ ನಮ್ಮ ಚಳಿಗೆ ನಡೆಯುತ್ತದೆ. ಉಣ್ಣೆ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಅದಕ್ಕಾಗಿ ಸೊಲ್ಲಾಪುರದವರೆಗೆ ಹೋಗುವ ಅಗತ್ಯವಿಲ್ಲ.

ಹೊರಗಿನ ಕೈಗವಸನ್ನು ಆರಿಸುವಾಗ ಬೆಲೆಯ ಚೀಟಿಗಿಂತ ಮೊದಲು ಅದರ ಮೇಲ್ಬದಿಯನ್ನು ನೋಡಿ. ಬಟ್ಟೆಯನ್ನು ಬಾಯಿಗೆ ಹಿಡಿದು ಜೋರಾಗಿ ಊದಿ, ಆಚೆ ಬದಿಯಲ್ಲಿ ಇನ್ನೊಂದು ಕೈಯನ್ನು ಇಡಿ. ಉಸಿರು ಕೈಗೆ ತಾಗಿದರೆ ಅದರ ಮೇಲೆ ಏನೇ ಬರೆದಿದ್ದರೂ ಅದು ಗಾಳಿಯನ್ನು ತಡೆಯುವುದಿಲ್ಲ. ಇಡೀ ಕೈಗವಸು ಗಾಳಿತಡೆಯದ್ದಾಗಿರಬೇಕೆಂದಿಲ್ಲ. ಬೆರಳುಗಳ ಮೇಲ್ಬದಿ ಮತ್ತು ಕೈಯ ಹಿಂಬದಿ ಹಾಗಿದ್ದರೆ ಸಾಕು, ಅಂಗೈ ಸ್ವಲ್ಪ ಉಸಿರಾಡುವ ಬಟ್ಟೆಯದಾದರೆ ಇನ್ನೂ ಮೇಲು. ಮಣಿಕಟ್ಟಿನ ಪಟ್ಟಿ ಜರ್ಕಿನ್ನಿನ ತೋಳಿನೊಳಗೆ ಎರಡು ಮೂರು ಬೆರಳಗಲ ಹೋಗುವಷ್ಟು ಉದ್ದವಿರಬೇಕು. ಅಲ್ಲಿ ರಕ್ತನಾಳಗಳು ಚರ್ಮಕ್ಕೆ ತೀರ ಹತ್ತಿರವಿರುವುದರಿಂದ ನಡುವೆ ಉಳಿದ ಒಂದು ಬೆರಳಗಲದ ಬಯಲು ಇಡೀ ಕೈಯನ್ನು ತಣ್ಣಗಾಗಿಸುತ್ತದೆ. ಅಂಗೈಯಲ್ಲಿ ರಬ್ಬರಿನಂಥ ಸಿಲಿಕೋನ್ ಚುಕ್ಕೆಗಳಿದ್ದರೆ ಹಿಡಿತ ಜಾರುವುದಿಲ್ಲ. ಹೆಬ್ಬೆರಳಿನ ಹಿಂದೆ ಟವೆಲ್ಲಿನಂಥ ತುಂಡನ್ನು ಏಕೆ ಹೊಲಿದಿರುತ್ತಾರೆಂದು ಬಹಳ ಜನ ಕೇಳುತ್ತಾರೆ. ಅದು ಸೋರುವ ಮೂಗನ್ನು ಒರೆಸಿಕೊಳ್ಳಲು, ಮತ್ತು ಜನವರಿಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ನಸುಕಿಗೇ ರಸ್ತೆಗಿಳಿಯುವ ನಮ್ಮಂಥವರಿಗೆ ಕೈಯ ಹಿಂಬದಿಯಲ್ಲಿ ದೀಪದ ಬೆಳಕಿಗೆ ಹೊಳೆಯುವ ಪಟ್ಟಿ ಇರುವುದು ಕಡ್ಡಾಯವೆಂದೇ ನಾನು ಹೇಳುತ್ತೇನೆ, ಬಲಕ್ಕೆ ತಿರುಗಲು ಕೈ ಚಾಚಿದಾಗ ಹಿಂದಿನವರಿಗೆ ಕಾಣುವುದು ಅದೊಂದೇ. ಮೊಬೈಲ್ ಮುಟ್ಟಲು ಬರುವ ಬೆರಳತುದಿಗೆ ಹೆಚ್ಚು ಹಣ ಕೊಡಬೇಡಿ.

ಅಳತೆಯಲ್ಲಿ ಬಹುಮಂದಿ ಎಡವುತ್ತಾರೆ. ಕೈಗವಸು ಮೈಗಂಟಿದಂತಿದ್ದರೆ ಬೆಚ್ಚಗಿರುತ್ತದೆ ಎಂಬ ತಿಳಿವಳಿಕೆ ತಲೆಕೆಳಗಾದದ್ದು: ಬಿಗಿಯಾದಷ್ಟೂ ಒಳಗಿನ ಹವೆಗೆ ಜಾಗವಿಲ್ಲ, ರಕ್ತ ಹರಿಯುವುದೂ ಕಷ್ಟ. ಹೆಬ್ಬೆರಳನ್ನು ಬಿಟ್ಟು ಅಂಗೈಯ ಅತಿ ಅಗಲವಾದ ಕಡೆ ಟೇಪ್ ಸುತ್ತಿ ಅಳೆದುಕೊಳ್ಳಿ, ಒಳಪದರ ಹಾಕುವುದಿದ್ದರೆ ಅದನ್ನು ಹಾಕಿಕೊಂಡೇ ಅಳೆಯಿರಿ. ಬೆರಳ ತುದಿಗೂ ಹೊಲಿಗೆಗೂ ನಡುವೆ ಒಂದು ಕಡಲೆ ಕಾಳಿನಷ್ಟು ಜಾಗವಿರಲಿ. ಅದಕ್ಕಿಂತ ಹೆಚ್ಚಾದರೆ ಖಾಲಿ ತುದಿಯು ಬ್ರೇಕಿನ ಲಿವರಿಗೆ ಸಿಕ್ಕಿಕೊಳ್ಳುತ್ತದೆ. ಅಂಗೈ ಬಿಚ್ಚಿ ನೋಡಿದಾಗ ಸರಿಯಾಗಿ ಕೂತದ್ದು ಮುಷ್ಟಿ ಹಿಡಿದಾಗ ಗೆಣ್ಣುಗಳ ಮೇಲೆ ಎಳೆಯುವುದುಂಟು. ಆದ್ದರಿಂದ ಹ್ಯಾಂಡಲ್ಲಿನಷ್ಟು ದಪ್ಪದ ಏನನ್ನಾದರೂ ಹಿಡಿದೇ ಪರೀಕ್ಷಿಸಬೇಕು.

ನೀರು ತಡೆಯುವ ಕೈಗವಸಿನ ನನ್ನ ಕಥೆ ಚಿಕ್ಕದು. ನೀರನ್ನು ಒಳಬಿಡದ ಪೊರೆ ಬೆವರನ್ನೂ ಸಲೀಸಾಗಿ ಹೊರಬಿಡುವುದಿಲ್ಲ. ಮೊದಲ ತಾಸು ಸುಖವಾಗಿತ್ತು, ಆಮೇಲೆ ಒಳಗೇ ತೊಯ್ದ ಕೈ ತಣ್ಣಗಾಯಿತು. ದಾರಿಯಲ್ಲಿ ನೀರು ಕುಡಿಯಲೆಂದು ಕಳಚಿದಾಗ ಹಸಿ ಬೆರಳಿಗೆ ಅಂಟಿಕೊಂಡ ಒಳಪದರ ಕೋಳಿಯ ಕರುಳಿನಂತೆ ಹೊರಗೆ ಬಂತು, ಎಷ್ಟು ತುರುಕಿದರೂ ಬೆರಳಿನೊಳಗೆ ಬೆರಳು ಸೇರಲಿಲ್ಲ. ಉಳಿದ ಹದಿನೆಂಟು ಕಿಲೋಮೀಟರನ್ನು ಬಲಗೈಯ ಎರಡು ಬೆರಳುಗಳನ್ನು ಒಂದೇ ಖಾನೆಯಲ್ಲಿಟ್ಟು ಮುಗಿಸಿದೆ. ಬೆಳಗಾವಿಯಲ್ಲಿದ್ದು ಖಾನಾಪುರ, ಜಾಂಬೋಟಿಯ ಕಡೆಗೆ ತುಳಿಯುವವರು ಇದನ್ನು ಓದುತ್ತಿದ್ದರೆ ಅವರಿಗೆ ಮಾತು ಬೇರೆ; ಅಲ್ಲಿ ಮಂಜಿನ ಹನಿ ಕೈಗವಸಿನ ಮೇಲೆ ಕೂರುತ್ತದೆ, ನೀರು ಉರುಳಿಹೋಗುವಂಥ ಹೊರಬಟ್ಟೆ ಇದ್ದರೆ ಒಳ್ಳೆಯದು. ಮೋಟರ್‌ಸೈಕಲ್ಲಿನ ಚರ್ಮದ ಕೈಗವಸು ಗಾಳಿಯನ್ನೇನೋ ತಡೆಯುತ್ತದೆ, ಆದರೆ ಸೈಕಲ್ಲಿನ ಗೇರು ಬದಲಿಸುವ ಸಣ್ಣ ಗುಂಡಿ ಅದರೊಳಗಿಂದ ಬೆರಳಿಗೆ ಸಿಗುವುದಿಲ್ಲ.

ಒಂದು ಸಂಗತಿಯನ್ನು ನೀವು ಬಿಟ್ಟಿದ್ದೀರಿ: ಮರಗಟ್ಟುವುದು ಯಾವ ಬೆರಳುಗಳು? ಕಿರುಬೆರಳು ಮತ್ತು ಉಂಗುರ ಬೆರಳು ಮಾತ್ರ ಜೋಮು ಹಿಡಿಯುತ್ತಿದ್ದರೆ, ಬೇಸಿಗೆಯಲ್ಲೂ ಹಾಗಾಗುತ್ತಿದ್ದರೆ, ಅದು ಚಳಿಯ ಕೆಲಸವಲ್ಲ. ಅಂಗೈಯ ಹೊರ ಅಂಚಿನಲ್ಲಿ ಹಾದುಹೋಗುವ ನರ ಹ್ಯಾಂಡಲ್ಲಿಗೆ ಒತ್ತಿಹೋಗಿರುತ್ತದೆ. ಅದಕ್ಕೆ ಸೀಟಿನ ಮೂತಿಯನ್ನು ತುಸು ಎತ್ತರಿಸಿ, ಹ್ಯಾಂಡಲನ್ನು ಮೇಲೇರಿಸಿ, ಹಿಡಿಯುವ ಜಾಗವನ್ನು ಆಗಾಗ ಬದಲಿಸಬೇಕು, ಎಂಥ ಬೆಚ್ಚನೆಯ ಕೈಗವಸೂ ಪ್ರಯೋಜನಕ್ಕೆ ಬರುವುದಿಲ್ಲ. ಹಾಗಲ್ಲದೆ ಬೆರಳುಗಳು ಗೆರೆ ಎಳೆದಂತೆ ಬಿಳಿಚಿಕೊಂಡು, ನೀಲಿಯಾಗಿ, ಬೆಚ್ಚಗಾದಾಗ ಕೆಂಪೇರುತ್ತಿದ್ದರೆ ವೈದ್ಯರಿಗೆ ತೋರಿಸಿ; ಫ್ರಾನ್ಸಿನ ವೈದ್ಯ ಮೊರೀಸ್ ರೇನೋ 1862ರಲ್ಲಿ ವಿವರಿಸಿದ ತೊಂದರೆ ಅದಾಗಿರಬಹುದು.

ಹೊಸದನ್ನು ಕೊಳ್ಳುವ ಮೊದಲು ನಾಳೆಯೇ ಒಂದು ಪರೀಕ್ಷೆ ಮಾಡಿ. ಈಗಿರುವ ಉಣ್ಣೆಯ ಕೈಗವಸಿನ ಬೆರಳುಗಳ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಚೀಲವನ್ನು ಸಡಿಲವಾಗಿ ಸುತ್ತಿ, ಮಣಿಕಟ್ಟಿಗೆ ರಬ್ಬರ್ ಹಾಕಿ, ವಾಹನಗಳಿಲ್ಲದ ಭೂತನಾಳ ಕೆರೆಯ ಕಡೆಗೆ ನಿಧಾನವಾಗಿ ಐದು ಕಿಲೋಮೀಟರ್ ಹೋಗಿ ಬನ್ನಿ. ಹಿಡಿತ ಜಾರುತ್ತದೆ, ಆದ್ದರಿಂದ ಹೆದ್ದಾರಿಗೆ ಹೋಗಬೇಡಿ. ಬೆರಳುಗಳು ಬೆಚ್ಚಗಿದ್ದರೆ ನಿಮಗೆ ಬೇಕಾದದ್ದು ಗಾಳಿ ತಡೆಯುವ ಹೊರಪದರ ಒಂದೇ, ಅದು ಎರಡೂವರೆ ಸಾವಿರಕ್ಕಿಂತ ಎಷ್ಟೋ ಕಡಿಮೆಗೆ ಸಿಗುತ್ತದೆ. ತರಿಸಿದ ಮೇಲೆ ಚೀಟಿ ಹರಿಯದೆ, ರಾತ್ರಿ ಮನೆಯಲ್ಲೇ ನಿಂತ ಸೈಕಲ್ಲಿನ ಹ್ಯಾಂಡಲ್ ಹಿಡಿದು ಇಪ್ಪತ್ತು ಸಲ ಬ್ರೇಕ್ ಒತ್ತಿ, ಗೇರು ಬದಲಿಸಿ, ಗಂಟೆ ಬಾರಿಸಿ ನೋಡಿ. ಒಂದು ಸಲ ತಪ್ಪಿದರೂ ಮರಳಿ ಕಳಿಸಿಬಿಡಿ.