ನಿವೃತ್ತ ಗೂಢಚಾರರ ಕಥೆ ಬರೆದವರಿಗೆ

ಪ್ರಿಯರೇ,

ನೀವು ಕಳುಹಿಸಿದ ಚಿತ್ರಕಥೆಯನ್ನು ಪೂರ್ತಿ ಓದಿದೆ. ಬಸವನಗುಡಿಯಲ್ಲಿ ನೆಮ್ಮದಿಯಾಗಿರುವ ರಾಮಚಂದ್ರ ಮತ್ತು ಪದ್ಮಾ ಒಂದು ಕಾಲದ ಗೂಢಚಾರರು. ಹಳೆಯ ಶತ್ರುವೊಬ್ಬ ಊರಿಗೆ ಬಂದಿಳಿದು ಇಬ್ಬರನ್ನೂ ಮತ್ತೆ ಅಪಾಯಕ್ಕೆ ಎಳೆಯುತ್ತಾನೆ. ಈಗಿರುವ ರೂಪದಲ್ಲಿ ಇದನ್ನು ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ಇದರೊಳಗೆ ಒಳ್ಳೆಯ ಸಿನಿಮಾ ಇದೆ ಎಂಬ ನಂಬಿಕೆ ನನಗಿದೆ. ಅದಕ್ಕೇ ಇಷ್ಟು ಉದ್ದದ ಉತ್ತರ.

ನಿಮ್ಮ ನಗೆಯೆಲ್ಲ ಮುಪ್ಪಿನ ಮೇಲೆ ನಿಂತಿದೆ. ಮಂಡಿನೋವು, ಕಳಚುವ ಹಲ್ಲುಸೆಟ್ಟು, ಎಲ್ಲೋ ಇಟ್ಟು ಮರೆತ ಕನ್ನಡಕ. ಈ ಜಾಗದಲ್ಲಿ ನಿವೃತ್ತ ಮೇಷ್ಟರನ್ನು ಕೂರಿಸಿದರೂ ಒಂದು ಸಾಲು ಬದಲಿಸಬೇಕಾಗಿಲ್ಲ, ತೊಂದರೆ ಅಲ್ಲೇ ಇದೆ. ಇವರು ಬದುಕಿನ ಬಹುಭಾಗವನ್ನು ಸುಳ್ಳು ಹೆಸರಿನಲ್ಲಿ ಕಳೆದವರು. ದಿನಸಿ ಅಂಗಡಿಯವನು ಹೆಸರು ಕೇಳಿದರೆ ನಿಜ ಹೇಳಲು ಇವರ ನಾಲಿಗೆ ತಡವರಿಸಬೇಕು. ನಗೆ ಅವರ ಕಸುಬಿನಿಂದ ಹುಟ್ಟಲಿ.

ಪಿಂಚಣಿಯನ್ನೇ ನೋಡಿ. ಪ್ರತಿ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಪಿಂಚಣಿದಾರರು ತಾವು ಬದುಕಿದ್ದೇವೆ ಎಂದು ಜೀವನ ಪ್ರಮಾಣಪತ್ರ ಸಲ್ಲಿಸಬೇಕು. ವರ್ಷವಿಡೀ ತಲೆಮರೆಸಿಕೊಂಡವನೂ ನವೆಂಬರ್‌ನಲ್ಲಿ ಬ್ಯಾಂಕಿನ ಮೆಟ್ಟಿಲು ಹತ್ತುತ್ತಾನೆ ಎಂಬುದು ಶತ್ರುವಿಗೆ ಗೊತ್ತಿದ್ದರೆ? ಮೊಬೈಲ್‌ನಲ್ಲಿ ಮುಖ ತೋರಿಸಿಯೂ ಸಲ್ಲಿಸಬಹುದು ನಿಜ, ಆದರೆ ರಾಮಚಂದ್ರನಂಥವನು ತನ್ನ ಮುಖವನ್ನು ಯಂತ್ರಕ್ಕೆ ಒಪ್ಪಿಸಲಾರ. ಬ್ಯಾಂಕಿಗೆ ಹೋದರೆ ಸವೆದ ಬೆರಳಿನ ಗುರುತು ಹತ್ತುತ್ತಿಲ್ಲ, ಗುಮಾಸ್ತ 'ಇನ್ನೊಮ್ಮೆ ಒತ್ತಿ ಸಾರ್' ಎನ್ನುತ್ತಿದ್ದಾನೆ, ಬಾಗಿಲಲ್ಲಿ ಕೊಲೆಗಾರ ನಿಂತಿದ್ದಾನೆ. ಇಲ್ಲಿ ನಗುವೂ ಭಯವೂ ಒಟ್ಟಿಗೆ ಬರುತ್ತವೆ. ನಿಮ್ಮ ಕಥೆಯಲ್ಲಿ ರಾಮಚಂದ್ರ ಆತ್ಮಕಥೆ ಬರೆದು ಅದ್ದೂರಿಯಾಗಿ ಬಿಡುಗಡೆ ಮಾಡುತ್ತಾನೆ. ಪಿಂಚಣಿ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಗುಪ್ತಚರ ಸಂಸ್ಥೆಗಳಿಂದ ನಿವೃತ್ತರಾದವರು ಸಂಸ್ಥೆಯ ಕೆಲಸದ ಬಗ್ಗೆ ಬರೆದು ಪ್ರಕಟಿಸಲು ಮೊದಲೇ ಅನುಮತಿ ಪಡೆಯಬೇಕು, ಇಲ್ಲವಾದರೆ ಪಿಂಚಣಿಗೇ ಕುತ್ತು. ಹಸ್ತಪ್ರತಿಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುವ ರಾಮಚಂದ್ರ ನನಗೆ ಹೆಚ್ಚು ಇಷ್ಟವಾಗುತ್ತಾನೆ.

ಕಾಲದ ಲೆಕ್ಕವನ್ನೂ ಸರಿಪಡಿಸಿ. ಆತ 1965ರಲ್ಲಿ ನಮ್ಮ ವಿದೇಶಿ ಗುಪ್ತಚರ ಸಂಸ್ಥೆ 'ರಾ' ಸೇರಿದ ಎಂದು ಬರೆದಿದ್ದೀರಿ. ಆ ಸಂಸ್ಥೆ ಹುಟ್ಟಿದ್ದೇ 1968ರಲ್ಲಿ, ಆರ್.ಎನ್. ಕಾವ್ ಅವರ ನೇತೃತ್ವದಲ್ಲಿ. ಈಗ ಅರವತ್ತಾರು ವಯಸ್ಸಿನವನು ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದಲ್ಲಿ ಎಂದಾಗಬೇಕು. 1987ರಲ್ಲಿ ನಮ್ಮ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋದಾಗ ಆತ ಎಳೆಯ ಅಧಿಕಾರಿ. ಬೆಂಗಳೂರಿನಲ್ಲಿ ಬೆಳೆದವನಿಗೆ ತಮಿಳು ಸಲೀಸು, ಹಾಗಾಗಿ ಅಲ್ಲಿಗೆ ಕಳುಹಿಸಿದರು ಎನ್ನಬಹುದು. 1991ರ ಆಗಸ್ಟ್‌ನಲ್ಲಿ ರಾಜೀವ್ ಗಾಂಧಿ ಹತ್ಯೆಯ ಸಂಚುಗಾರ, ಶ್ರೀಲಂಕಾದ ತಮಿಳು ಉಗ್ರ ಸಂಘಟನೆ ಎಲ್‌ಟಿಟಿಇಯ ಶಿವರಾಸನ್ ಸಂಗಡಿಗರೊಂದಿಗೆ ಸತ್ತದ್ದು ಇದೇ ಊರಿನ ಕೋಣನಕುಂಟೆಯ ಮನೆಯೊಂದರಲ್ಲಿ. ಯಾವ ದೇಶದವನೆಂದೇ ತಿಳಿಯದ ನಿಮ್ಮ ಖಳನಾಯಕನಿಗೆ ಆ ವರ್ಷಗಳಲ್ಲಿ ಒಂದು ಬೇರು ಕೊಡಿ. ಆಗ ಅವನ ಸಿಟ್ಟಿಗೆ ಕಾರಣ ಸಿಗುತ್ತದೆ.

ಎಂ.ಜಿ. ರಸ್ತೆಯ ಮೇಲಿನ ಹೆಲಿಕಾಪ್ಟರ್ ಕಾಳಗವನ್ನು ತೆಗೆದುಬಿಡಿ. ಮೆಟ್ರೊ ದೃಶ್ಯ ಉಳಿಯಲಿ, ಆದರೆ ಪಿಸ್ತೂಲು ಹಿಡಿದು ಯಾರೂ ಒಳಗೆ ಓಡಲಾಗದು. ಬಾಗಿಲಲ್ಲೇ ತಪಾಸಣೆ ಇದೆ. ಈ ಅಡ್ಡಿಯೇ ನಿಮಗೆ ವರ. ಕೊಲೆಗಾರನೂ ಆಯುಧವನ್ನು ಹೊರಗೆ ಬಿಟ್ಟು ಬರಬೇಕು. ಜಯನಗರದಿಂದ ಮೆಜೆಸ್ಟಿಕ್‌ವರೆಗೆ ಅವನೂ ರಾಮಚಂದ್ರನೂ ಬರಿಗೈಯಲ್ಲಿ ಒಂದೇ ಬೋಗಿಯಲ್ಲಿ ಎದುರುಬದುರು. ಯಾರೋ ಹುಡುಗಿ ಎದ್ದು ಕೊಲೆಗಾರನಿಗೆ 'ಕೂತುಕೊಳ್ಳಿ ತಾತ' ಎನ್ನುತ್ತಾಳೆ. ನ್ಯಾಷನಲ್ ಕಾಲೇಜು ದಾಟಿ ರೈಲು ಸುರಂಗಕ್ಕಿಳಿದ ಮೇಲೆ ಕಿಟಕಿಗಳು ಕನ್ನಡಿಗಳಾಗುತ್ತವೆ. ಒಬ್ಬರ ಕೈಯನ್ನು ಇನ್ನೊಬ್ಬರು ಗಾಜಿನಲ್ಲಿ ಕಾಯುತ್ತಾರೆ.

ಇದನ್ನು ನೀವು ಬರೆಯಬಲ್ಲಿರಿ ಎಂದು ಹೇಗೆ ಗೊತ್ತು ಎಂದರೆ, ಗಾಂಧಿ ಬಜಾರಿನಲ್ಲಿ ಪದ್ಮಾ ಕನಕಾಂಬರ ಕೊಳ್ಳುವ ದೃಶ್ಯ ಬರೆದವರು ನೀವೇ. ಹೂವಿನವಳು ಮೊಳ ಹಾಕುತ್ತಿರುವಾಗ ಪದ್ಮಾ ಪಕ್ಕದ ಅಂಗಡಿಯ ಸ್ಟೀಲ್ ಕೊಡದಲ್ಲಿ ತನ್ನ ಹಿಂದೆ ನಿಂತವನ ಬೂಟು ಗಮನಿಸುತ್ತಾಳೆ. 'ಇನ್ನೊಂದು ಮೊಳ ಹಾಕಮ್ಮ' ಎನ್ನುತ್ತಾಳೆ. ಹೊತ್ತು ಗಿಟ್ಟಿಸಲು ಅಷ್ಟೇ ಮಾತು. ಆಕೆಯ ಜಾಣತನ, ಧೈರ್ಯ, ಎಷ್ಟೋ ವರ್ಷದ ಅಭ್ಯಾಸ ಎಲ್ಲವೂ ಅಲ್ಲಿದೆ. ಅದನ್ನು ಎಂಟು ಸಾಲಿಗೆ ಮುಗಿಸಿ ಹೊಡೆದಾಟಕ್ಕೆ ಹತ್ತೊಂಬತ್ತು ಪುಟ ಕೊಟ್ಟದ್ದು ನನಗೆ ನಿಜಕ್ಕೂ ಬೇಸರ ತಂದಿತು.

ಕಥೆಯನ್ನು ಆ ಹೂವಿನಂಗಡಿಯಿಂದಲೇ ಆರಂಭಿಸಿ. ಬ್ಯಾಂಕಿನ ದೃಶ್ಯದವರೆಗೆ ಬರೆದು ಅಷ್ಟನ್ನೇ ಕಳುಹಿಸಿ, ಉಳಿದದ್ದಕ್ಕೆ ಈಗಲೇ ಕೈ ಹಾಕಬೇಡಿ. ಬಂದ ಕೂಡಲೇ ಓದುತ್ತೇನೆ.

ನಿಮ್ಮ,
ಸಂಪಾದಕ