ಒಂದೇ ಹೆಸರಿನ ಎರಡು ಕಾರ್ಡ್

ಪ್ರಶ್ನೆ: ಮೇಡಂ, ದಾವಣಗೆರೆ ಅಶೋಕ ರಸ್ತೆ ಹತ್ತಿರ ನಮ್ಮದು ಫೋಟೋ ಸ್ಟುಡಿಯೊ. ಕಂಪ್ಯೂಟರಲ್ಲಿ ವಿಂಡೋಸ್ ಬದಲು ಉಬುಂಟು ಲಿನಕ್ಸ್ ಇದೆ. ಎರಡು ಕ್ಯಾನನ್ ಕ್ಯಾಮೆರಾಗಳ ಕಾರ್ಡ್ ಒಟ್ಟಿಗೆ ಹಾಕಿದರೆ ಒಂದು ‘ಇಒಎಸ್_ಡಿಜಿಟಲ್’, ಇನ್ನೊಂದು ‘ಇಒಎಸ್_ಡಿಜಿಟಲ್1’ ಅಂತ ತೆರೆಯುತ್ತದೆ. ಮೊನ್ನೆ ನಮ್ಮ ಹುಡುಗ ಒಂದೇ ಕಾರ್ಡನ್ನು ಎರಡು ಸಲ ಕಾಪಿ ಮಾಡಿ, ಧಾರೆ ಫೋಟೊ ಇದ್ದ ಕಾರ್ಡನ್ನು ಫಾರ್ಮ್ಯಾಟ್ ಮಾಡುವುದರಲ್ಲಿದ್ದ. ಬ್ಯಾಕಪ್ ಡಿಸ್ಕಿಗೂ ಒಂದೊಂದು ಸಲ ಒಂದೊಂದು ಹೆಸರು. ಏನು ಮಾಡೋಣ?

ಉತ್ತರ: ಧಾರೆ ಉಳಿಯಿತಲ್ಲ, ಪುಣ್ಯ! ಆ 1 ಅಂದರೆ ಎರಡನೇ ಕ್ಯಾಮೆರಾ ಅಂತಲ್ಲ. ಉಬುಂಟು ಕಾರ್ಡಿನೊಳಗೆ ಬರೆದಿರುವ ಹೆಸರು, ಅಂದರೆ ಲೇಬಲ್, ನೋಡಿ ‘ಮೀಡಿಯಾ’ದೊಳಗೆ, ನಿಮ್ಮ ಲಾಗಿನ್ ಹೆಸರಿನ ಕೆಳಗೆ ಫೋಲ್ಡರ್ ಮಾಡುತ್ತದೆ. ಆ ಹೆಸರು ಆಗಲೇ ಇದ್ದರೆ ಬಾಲಕ್ಕೆ 1 ಅಂಟಿಸುತ್ತದೆ. ಬಸ್ಸಿನ ಸೀಟಿನ ಹಾಗೆ, ಮೊದಲು ಬಂದವರಿಗೆ. ಲೇಬಲ್ಲೇ ಇಲ್ಲದಿದ್ದರೆ ಯುಯುಐಡಿ ಅನ್ನೋ ಗುರುತಿನ ನಂಬರೇ ಹೆಸರು.

ಲೇಬಲ್ ಬದಲಿಸಬಹುದು, ಇಂಥ ಕಾರ್ಡಿಗೆ 11 ಅಕ್ಷರದೊಳಗೆ. ಆದರೆ ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಒತ್ತಿದ ಕೂಡಲೇ ಮತ್ತೆ ಹಳೇ ಇಒಎಸ್_ಡಿಜಿಟಲ್. ಯುಯುಐಡಿಯೂ ಬದಲಾಗುತ್ತದೆ. ಅದಕ್ಕೇ ಕಾರ್ಡಿನ ನಾಮಕರಣ ಬಿಡಿ. ಸಲಕ್ಕೆ ಒಂದೇ ಕಾರ್ಡ್ ಹಾಕಿ. ನಿಮ್ಮ ಡಿಸ್ಕಲ್ಲಿ ‘2025-05-11_ಕ್ಯಾಮ್2’ ತರ ಫೋಲ್ಡರ್ ಮಾಡಿ. ವರ್ಷ ಮೊದಲಿದ್ದರೆ ಸಾಲು ತಾನೇ ಸರಿಯಾಗುತ್ತದೆ. ಕಾಪಿ ಆದ ಕಾರ್ಡ್ ಬೇರೆ ಡಬ್ಬಿಗೆ. ಹುಡುಗನಿಗೆ ಡಬ್ಬಿ ತೋರಿಸಿದರೆ ಸಾಕು, ಲಿನಕ್ಸ್ ಪಾಠ ಬೇಡ.

ಬ್ಯಾಕಪ್ ಡಿಸ್ಕ್ ವಿಷಯ ಬೇರೆ. ಅದರಲ್ಲಿ ನಾನೇ ಕೈ ಸುಟ್ಟುಕೊಂಡವಳು. ರಾತ್ರಿ ತಾನೇ ಓಡಿ ಕಾಪಿ ಮಾಡುವ ಸ್ಕ್ರಿಪ್ಟನ್ನು (ಕಮಾಂಡುಗಳ ಪಟ್ಟಿ) ರೂಟ್ ಅಧಿಕಾರದಲ್ಲಿ, ಅಂದರೆ ಎಲ್ಲಿ ಬೇಕಾದರೂ ಬರೆಯಬಲ್ಲ ಯಜಮಾನನ ಅಧಿಕಾರದಲ್ಲಿ, ಹಾಕಿದ್ದೆ. ಒಂದು ದಿನ ಡಿಸ್ಕ್ ಚುಚ್ಚುವುದೇ ಮರೆತೆ. ಸ್ಕ್ರಿಪ್ಟ್ ‘ಮೀಡಿಯಾ’ದ ಅದೇ ಜಾಗದಲ್ಲಿ, ಡಿಸ್ಕಿನದೇ ಹೆಸರಲ್ಲಿ ‘ಬ್ಯಾಕಪ್’ ಅಂತ ಫೋಲ್ಡರ್ ತಾನೇ ಮಾಡಿಕೊಂಡು ಕಂಪ್ಯೂಟರಿನ ಒಳಗೇ ತುಂಬಿತು. ಮಾರನೇ ದಿನ ನಿಜವಾದ ಡಿಸ್ಕ್ ‘ಬ್ಯಾಕಪ್1’ ಆಗಿ ಕೂತಿತು. ನಾನು ನೋಡಲೇ ಇಲ್ಲ. ಒಳಗಿನ ಡಿಸ್ಕ್ ತುಂಬಿ ಮಷೀನ್ ಮುಷ್ಕರ ಹೂಡಿದಾಗಲೇ ಗೊತ್ತಾಗಿದ್ದು!

ನಿಮ್ಮ ಬ್ಯಾಕಪ್ ಡಿಸ್ಕನ್ನು ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ (ಯಾವ ಡಿಸ್ಕ್ ಎಲ್ಲಿ ಕೂರಬೇಕು ಅನ್ನೋ ಪಟ್ಟಿ) ಯುಯುಐಡಿ ಕೊಟ್ಟು ಒಂದು ಖಾಯಂ ಜಾಗಕ್ಕೆ ಕಟ್ಟಿ. ಜೊತೆಗೆ ‘ನೋಫೇಲ್’ ಬರೆಯಿರಿ, ಅಂದರೆ ಡಿಸ್ಕ್ ಇಲ್ಲದಿದ್ದರೂ ಮುಂದೆ ಹೋಗು ಅಂತ. ಇಲ್ಲದಿದ್ದರೆ ಡಿಸ್ಕ್ ಇಲ್ಲದ ದಿನ ಕಂಪ್ಯೂಟರ್ ಶುರುವಾಗುವಾಗ ಒಂದೂವರೆ ನಿಮಿಷ ಕಾದು, ರಿಪೇರಿಗೆಂದೇ ಇರುವ ಎಮರ್ಜೆನ್ಸಿ ಮೋಡ್‌ಗೆ ಹೋಗಿ ಕೂರುತ್ತದೆ. ಕಾಪಿಗೆ ಮೊದಲು ‘ಮೌಂಟ್‌ಪಾಯಿಂಟ್’ ಕಮಾಂಡಿನಿಂದ ಡಿಸ್ಕ್ ನಿಜವಾಗಿ ಕೂತಿದೆಯೇ ಅಂತ ಸ್ಕ್ರಿಪ್ಟೇ ನೋಡಲಿ.

ಪ್ರಶ್ನೆ: ಚಿತ್ರದುರ್ಗದ ಡಿಪ್ಲೊಮಾ ವಿದ್ಯಾರ್ಥಿ. ಉಬುಂಟುವಿನಲ್ಲಿ ಪೆನ್‌ಡ್ರೈವ್ ಬರೀ ‘ಮೀಡಿಯಾ’ದಲ್ಲಿ ಸಿಗುತ್ತದೆ; ಗೆಳೆಯನ ಫೆಡೋರಾದಲ್ಲಿ (ಇನ್ನೊಂದು ಲಿನಕ್ಸ್) ‘ರನ್’ ಫೋಲ್ಡರಿನ ಒಳಗಿನ ‘ಮೀಡಿಯಾ’ದಲ್ಲಿ. ಯಾವುದು ಸರಿ?

ಉತ್ತರ: ಎರಡೂ ಸರಿಯಪ್ಪಾ. ಉಬುಂಟು ಹಳೇ ಜಾಗ ಬಿಟ್ಟಿಲ್ಲ, ಅಷ್ಟೇ. ‘ರನ್’ ಇರುವುದು ರ‍್ಯಾಮಿನಲ್ಲಿ. ಕಂಪ್ಯೂಟರ್ ಆಫ್ ಆದರೆ ಉಳಿದ ಖಾಲಿ ಫೋಲ್ಡರೆಲ್ಲಾ ಮಾಯ. ಮೇಲಿನ ನನ್ನ ಕಥೆ ಅಲ್ಲಿ ನಡೆದಿದ್ದರೆ ಫೈಲುಗಳೂ ಮಾಯ!