ಓದುಗರ ಪ್ರಶ್ನೆ – ನಮ್ಮ ಉತ್ತರ: ಟ್ರೈಲರ್ ಗಾಲಿಯ ಬೇರಿಂಗ್, ಗ್ರೀಸ್ ಮತ್ತು ಸೀಲ್

ಮಳೆಗಾಲ ಕಳೆಯುತ್ತಿದ್ದಂತೆ ಸಣ್ಣ ಟ್ರೈಲರ್‌ಗಳ ಗಾಲಿ ಬೇರಿಂಗ್ ಕುರಿತು ಹಲವು ಪ್ರಶ್ನೆಗಳು ಬಂದಿವೆ. ಒಂದೇ ತೆರನಾದವನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಜೀಪಿಗೆ ಕಟ್ಟುವ ಎರಡು ಗಾಲಿಯ ಟ್ರೈಲರ್‌ನಲ್ಲಿ ನರ್ಸರಿ ಗಿಡ, ಗೊಬ್ಬರ ಸಾಗಿಸುತ್ತೇವೆ. ಹಬ್‌ನಲ್ಲಿ (ಬೇರಿಂಗ್ ಕೂರುವ ಗಾಲಿಯ ನಡುಭಾಗ) ಗ್ರೀಸ್ ಹೊಡೆಸುವ ನಿಪ್ಪಲ್ ಇದೆ. ತಿಂಗಳಿಗೊಮ್ಮೆ ಗನ್ನಿನಿಂದ ಗ್ರೀಸ್ ಹೊಡೆಸುತ್ತೇವೆ. ಆದರೂ ಎಡಗಾಲಿಯ ಹಬ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಇನ್ನೂ ಎಷ್ಟು ಗ್ರೀಸ್ ಬೇಕು? – ಯಲಹಂಕದ ಓದುಗರು

ಇನ್ನು ಒಂದು ಗ್ರಾಂ ಕೂಡ ಹಾಕಬೇಡಿ. ನಿಮ್ಮ ಹಬ್‌ನಲ್ಲಿ ಗ್ರೀಸ್ ಕಡಿಮೆಯಾಗಿರುವುದಕ್ಕಿಂತ ಹೆಚ್ಚಾಗಿರುವ ಸಾಧ್ಯತೆಯೇ ಜಾಸ್ತಿ. ಹಬ್ ನಡುವಿನ ನಿಪ್ಪಲ್‌ಗೆ ಹೊಡೆದ ಗ್ರೀಸ್ ಮೊದಲು ಎರಡು ಬೇರಿಂಗ್‌ಗಳ ಮಧ್ಯದ ಖಾಲಿ ಜಾಗವನ್ನು ತುಂಬುತ್ತದೆ. ಅದು ಭರ್ತಿಯಾದ ಮೇಲೆ ಯಾವ ಕಡೆ ಸಲೀಸೋ ಆ ಕಡೆಯ ಬೇರಿಂಗ್ ಮೂಲಕ ನುಗ್ಗುತ್ತದೆ. ಇನ್ನೊಂದು ಬೇರಿಂಗ್‌ಗೆ ಹೊಸ ಗ್ರೀಸ್ ತಲುಪಿತೋ ಇಲ್ಲವೋ ಹೊರಗಿನಿಂದ ತಿಳಿಯುವುದಿಲ್ಲ. ಒಳಗಿನ ನೀರು, ದೂಳು, ಲೋಹದ ಪುಡಿ ಎಲ್ಲ ಅಲ್ಲೇ ಉಳಿಯುತ್ತದೆ. ಕಡೆಗೆ ಒತ್ತಡ ತಾಳದೆ ಹಿಂಬದಿಯ ಆಯಿಲ್ ಸೀಲ್ ಎದ್ದುಬರುತ್ತದೆ, ಇಲ್ಲವೇ ಅದರ ರಬ್ಬರ್ ತುಟಿ ಮಡಚಿಕೊಳ್ಳುತ್ತದೆ. ಅಲ್ಲಿಂದ ಗ್ರೀಸ್ ಹೊರಗೆ, ನೀರು ಒಳಗೆ. ಬ್ರೇಕ್ ಇರುವ ಟ್ರೈಲರ್ ಆದರೆ ಲೈನಿಂಗ್‌ಗೂ ಗ್ರೀಸ್ ಮೆತ್ತಿ ಬ್ರೇಕ್ ಹಿಡಿಯುವುದೇ ಇಲ್ಲ. ಜೊತೆಗೆ, ಕಿಕ್ಕಿರಿದು ತುಂಬಿದ ಗ್ರೀಸನ್ನು ರೋಲರ್‌ಗಳು ಕಡೆಯುತ್ತಲೇ ಇರುವುದರಿಂದ ಅದರಿಂದಲೂ ಬಿಸಿ ಹುಟ್ಟುತ್ತದೆ.

ಒಂದೇ ಗಾಲಿ ಬಿಸಿಯಾಗುತ್ತಿರುವುದು ಒಳ್ಳೆಯ ಸುಳಿವು. ಬ್ರೇಕ್ ಕಚ್ಚಿಕೊಂಡಿದೆ, ನಟ್ ಅತಿ ಬಿಗಿಯಾಗಿದೆ ಅಥವಾ ಬೇರಿಂಗ್ ಹಾಳಾಗಿದೆ. ಈ ಮೂರರಲ್ಲಿ ಒಂದು ಇರಬೇಕು. ಗಾಲಿ ಎತ್ತಿ ಕೈಯಲ್ಲಿ ತಿರುಗಿಸಿ. ಸುತ್ತಿನಲ್ಲಿ ಒಂದೇ ಜಾಗದಲ್ಲಿ ಉಜ್ಜಿದ ಸದ್ದು ಬಂದರೆ ಬ್ರೇಕ್ ಡ್ರಮ್ ನೋಡಿ. ಸುತ್ತಿನುದ್ದಕ್ಕೂ ಗರಗರ ಎಂದರೆ, ಇಲ್ಲವೇ ಸ್ಪ್ರಿಂಗ್ ಮೇಲೆ ಕೈಯಿಟ್ಟಾಗ ಕಂಪನ ತಿಳಿದರೆ ಬೇರಿಂಗ್ ಹೋಗಿದೆ. ಸದ್ದೇ ಇಲ್ಲದೆ ಗಾಲಿ ಭಾರವಾಗಿ ತಿರುಗಿ ಥಟ್ಟನೆ ನಿಂತರೆ ನಟ್ ಬಿಗಿ. ಯಾವುದಾದರೂ ಸರಿ, ಹಬ್ ಬಿಚ್ಚದೆ ಪರಿಹಾರ ಇಲ್ಲ.

ಪ್ರಶ್ನೆ: ಬೇರಿಂಗ್ ಬಿಚ್ಚಿ ಗ್ರೀಸ್ ತುಂಬುವ ಕೆಲಸವನ್ನು ನಾವೇ ಮಾಡಬಹುದೇ? ಏನೇನು ಸಾಮಾನು ಬೇಕು? ವರ್ಷಕ್ಕೆ ಎಷ್ಟು ಸಲ? – ಕೆಂಗೇರಿಯ ಓದುಗರು

ಧಾರಾಳವಾಗಿ ಮಾಡಬಹುದು. ವರ್ಷಕ್ಕೊಮ್ಮೆ ಅಥವಾ 20,000 ಕಿ.ಮೀ.ಗೆ ಒಮ್ಮೆ, ಯಾವುದು ಮೊದಲೋ ಅದು. ಬೆಂಗಳೂರಿನವರಿಗೆ ನವೆಂಬರ್ ಸೂಕ್ತ. ಇಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೂ ಜೋರು ಮಳೆ ಇರುತ್ತದೆ. ಮಳೆಗೆ ಮೊದಲು ಗ್ರೀಸ್ ಬದಲಿಸಿ, ಒಳಹೊಕ್ಕ ನೀರನ್ನು ಮುಂದಿನ ಬೇಸಿಗೆಯವರೆಗೆ ಹಾಗೇ ಬಿಡುವುದಕ್ಕಿಂತ ಮಳೆ ಮುಗಿದ ಮೇಲೆ ಬಿಚ್ಚುವುದು ಮೇಲು.

ಒಂದು ಗಾಲಿಗೆ ಒಂದರಂತೆ ಹೊಸ ಆಯಿಲ್ ಸೀಲ್ ಮತ್ತು ಹೊಸ ಸ್ಪ್ಲಿಟ್ ಪಿನ್ (ನಟ್ ಕಳಚದಂತೆ ತಡೆಯುವ, ತುದಿ ಮಡಚುವ ಪಿನ್), ಅರ್ಧ ಕೆ.ಜಿ. ಗ್ರೀಸ್, ಒಂದು ಲೀಟರ್ ಸೀಮೆಎಣ್ಣೆ ಅಥವಾ ಡೀಸೆಲ್, ನಾರು ಬಿಡದ ಬಟ್ಟೆ, ಇಷ್ಟು ಸಾಕು. ಗ್ರೀಸ್ ಲಿಥಿಯಂ ಬೇಸ್‌ನದಾಗಿರಲಿ (ಬೇಸ್ ಎಂದರೆ ಗ್ರೀಸನ್ನು ಗಟ್ಟಿಯಾಗಿಸುವ ವಸ್ತು). ಅಂಗಡಿಗಳಲ್ಲಿ ಎಪಿ-3 ಎಂದು ಕೇಳಿದರೆ ಸಿಗುವುದು ಇದೇ. ಬ್ರೇಕ್ ಇರುವ, ಹೆದ್ದಾರಿಯಲ್ಲಿ ಓಡುವ ಟ್ರೈಲರ್‌ಗೆ ಲಿಥಿಯಂ ಕಾಂಪ್ಲೆಕ್ಸ್ ಒಳ್ಳೆಯದು. ಸಾಧಾರಣ ಲಿಥಿಯಂ ಗ್ರೀಸ್ ಸುಮಾರು 180 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ತೊಟ್ಟಿಕ್ಕಿದರೆ ಕಾಂಪ್ಲೆಕ್ಸ್ 250 ದಾಟಿಯೂ ತಡೆಯುತ್ತದೆ. ಕಡಿಮೆ ಬೆಲೆಯ ಸಾದಾ ಕ್ಯಾಲ್ಸಿಯಂ ಗ್ರೀಸ್ ನೀರಿಗೆ ಜಗ್ಗುವುದಿಲ್ಲ ನಿಜ, ಆದರೆ 100 ಡಿಗ್ರಿಯ ಆಸುಪಾಸಿನಲ್ಲೇ ನೀರಾಗುತ್ತದೆ. ಗಾಲಿಗೆ ಅದು ಬೇಡ.

ಸಮತಟ್ಟಾದ ನೆಲದಲ್ಲಿ ಟ್ರೈಲರನ್ನು ವಾಹನಕ್ಕೆ ಕೊಂಡಿ ಹಾಕಿಯೇ ನಿಲ್ಲಿಸಿ, ಇನ್ನೊಂದು ಗಾಲಿಗೆ ಎರಡೂ ಕಡೆ ಅಡೆ ಕೊಡಿ. ಗಾಲಿಯ ನಟ್‌ಗಳನ್ನು ನೆಲದ ಮೇಲಿರುವಾಗಲೇ ಸಡಿಲಿಸಿ, ಆಮೇಲೆ ಜಾಕ್ ಏರಿಸಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಟ್ಟು ಗಾಲಿ ಕಳಚಿ. ಬರೀ ಜಾಕ್ ನಂಬಿ ಕೆಳಗೆ ಕೈ ಹಾಕಬಾರದು. ಡಸ್ಟ್ ಕ್ಯಾಪನ್ನು ಉಳಿಯಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ತಟ್ಟಿ ಬಿಡಿಸಿ. ಒಂದೇ ಕಡೆ ಎಬ್ಬಿದರೆ ಸೊಟ್ಟಗಾಗಿ ಮತ್ತೆ ಭದ್ರವಾಗಿ ಕೂರುವುದಿಲ್ಲ. ಸ್ಪ್ಲಿಟ್ ಪಿನ್, ಕ್ಯಾಸಲ್ ನಟ್ (ಪಿನ್ ಕೂರಲು ಸೀಳುಗಳಿರುವ ನಟ್), ವಾಷರ್ ತೆಗೆದು ಹಬ್ಬನ್ನು ತುಸು ಎಳೆದರೆ ಹೊರಗಿನ ಸಣ್ಣ ಬೇರಿಂಗ್ ಜಾರಿ ಬರುತ್ತದೆ. ಅಂಗೈ ಅಡ್ಡ ಹಿಡಿದಿರಿ, ಮಣ್ಣಿಗೆ ಬಿದ್ದರೆ ತೊಳೆಯುವ ಕೆಲಸ ಇಮ್ಮಡಿ. ಒಳಗಿನ ದೊಡ್ಡ ಬೇರಿಂಗ್ ಸೀಲ್ ಹಿಂದೆ ಇರುತ್ತದೆ. ಸೀಲನ್ನು ಎಬ್ಬಿ ತೆಗೆಯಿರಿ, ಅದನ್ನು ಮತ್ತೆ ಬಳಸಬೇಡಿ. ಎಡ–ಬಲ, ಒಳ–ಹೊರ ಬೇರಿಂಗ್‌ಗಳು ಅದಲುಬದಲಾಗದಂತೆ ಬೇರೆ ಬೇರೆ ಇಡಿ. ಒಂದೇ ಕಪ್‌ನಲ್ಲಿ (ಹಬ್‌ನೊಳಗೆ ಬಿಗಿಯಾಗಿ ಕೂತ ಬೇರಿಂಗ್‌ನ ಹೊರಬಳೆ) ಓಡಿ ಹೊಂದಿಕೊಂಡ ರೋಲರ್‌ಗಳು ಅಲ್ಲಿಗೇ ಮರಳಬೇಕು.

ತೊಳೆಯಲು ಪೆಟ್ರೋಲ್ ಬೇಡ, ಬೆಂಕಿಯ ಅಪಾಯ. ತೊಳೆದ ಬೇರಿಂಗನ್ನು ಕಂಪ್ರೆಸರ್ ಗಾಳಿಗೆ ಹಿಡಿದು ಗಿರ್ರನೆ ತಿರುಗಿಸುವ ಅಭ್ಯಾಸ ಅನೇಕ ಗ್ಯಾರೇಜ್‌ಗಳಲ್ಲಿದೆ. ಎಣ್ಣೆಯೇ ಇಲ್ಲದ ರೋಲರ್‌ಗಳು ಆ ವೇಗಕ್ಕೆ ಗೀರು ಬೀಳುತ್ತವೆ, ಕೇಜ್ (ರೋಲರ್‌ಗಳನ್ನು ಹಿಡಿದಿಡುವ ಚೌಕಟ್ಟು) ಒಡೆದು ರೋಲರ್ ಸಿಡಿದು ಕಣ್ಣಿಗೆ ಬಡಿಯಲೂಬಹುದು. ಬಟ್ಟೆಯಲ್ಲಿ ಒರೆಸಿ ನೆರಳಲ್ಲಿ ಆರಲು ಬಿಡಿ.

ಈಗ ಬೆಳಕಿನಲ್ಲಿ ನೋಡಿ. ರೋಲರ್ ಅಥವಾ ಕಪ್ ಮೇಲೆ ಚಕ್ಕೆ ಎದ್ದಿದ್ದರೆ, ರೋಲರ್‌ಗಳ ನಡುವಿನಷ್ಟೇ ಅಂತರದಲ್ಲಿ ಕಪ್ಪು ಗೆರೆಗಳಿದ್ದರೆ (ನಿಂತ ನೀರಿನ ತುಕ್ಕು ಹಾಗೆ ಕಾಣುತ್ತದೆ), ರೋಲರ್‌ನ ದಪ್ಪ ತುದಿ ನೀಲಿಗಟ್ಟಿದ್ದರೆ ಆ ಬೇರಿಂಗ್ ಮುಗಿಯಿತು. ದಪ್ಪ ತುದಿಯನ್ನು ಮೊದಲು ನೋಡಿ ಎನ್ನಲು ಕಾರಣವಿದೆ. ಶಂಕುವಿನಾಕಾರದ ರೋಲರ್ ಭಾರ ಹೊತ್ತಾಗ ತನ್ನ ದಪ್ಪ ತುದಿಯ ಕಡೆಗೆ ಜಾರಲು ನೋಡುತ್ತದೆ, ಅಲ್ಲಿ ಕೋನ್‌ನ (ಬೇರಿಂಗ್‌ನ ಒಳಬಳೆ) ಅಂಚು ಅದನ್ನು ತಡೆಯುತ್ತದೆ. ಬೇರೆಡೆ ಉರುಳುವ ರೋಲರ್ ಇಲ್ಲಿ ಮಾತ್ರ ಉಜ್ಜುತ್ತದೆ. ಹಾಗಾಗಿ ಗ್ರೀಸ್ ಇಲ್ಲದೆ ಹೋದರೂ ನಟ್ ಬಿಗಿಯಾದರೂ ಸುಟ್ಟ ಗುರುತು ಮೊದಲು ಮೂಡುವುದು ಅಲ್ಲೇ.

ಬದಲಿಸುವುದಾದರೆ ಕೋನ್ ಮತ್ತು ಕಪ್ ಎರಡನ್ನೂ ಜೋಡಿಯಾಗಿ ಬದಲಿಸಿ. ಹಳೆಯ ಕಪ್‌ಗೆ ಹೊಸ ಕೋನ್ ಹಾಕಿ ಹಣ ಉಳಿಸಿದಂತೆ ಕಂಡರೂ ಹಳೆಯ ಕಪ್‌ನ ಗುಳಿಗಳು ಹೊಸ ರೋಲರ್‌ಗಳನ್ನು ಬೇಗನೆ ಕೆಡಿಸುತ್ತವೆ. ಬೇರಿಂಗ್ ಮೇಲೆ ಕೊರೆದ ಸಂಖ್ಯೆಯನ್ನು ಬರೆದುಕೊಂಡೇ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ. ಉದಾಹರಣೆಗೆ 30205 ಎಂದರೆ ಒಳರಂಧ್ರ 25 ಮಿ.ಮೀ., ಹೊರ ವ್ಯಾಸ 52. 30206 ಎಂದರೆ 30 ಮತ್ತು 62. ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿದರೆ ಒಳರಂಧ್ರ ಸಿಗುತ್ತದೆ. ಆದರೆ ಎಲ್ 44649ರಂಥ ಇಂಚಿನ ಬೇರಿಂಗ್‌ಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅಗ್ಗಕ್ಕೆ ಸಿಗುವ ನಕಲಿ ಪೊಟ್ಟಣಗಳಿಂದ ದೂರವಿರಿ, ಅಧಿಕೃತ ಮಾರಾಟಗಾರರಲ್ಲಿ ಬಿಲ್ ಸಹಿತ ಕೊಳ್ಳಿ.

ಹೊಸ ಕಪ್ಪನ್ನು ಹಿತ್ತಾಳೆಯ ಡ್ರಿಫ್ಟ್‌ನಿಂದ (ತಟ್ಟುವ ಸಲಾಕೆ) ಎದುರುಬದುರಾಗಿ ತಟ್ಟುತ್ತ ಇಳಿಸಿ. ಪೂರ್ತಿ ಕೂತಾಗ ಪೆಟ್ಟಿನ ಸದ್ದು ಮಂದದಿಂದ ಖಣಿಲ್ ಎನ್ನುವುದಕ್ಕೆ ಬದಲಾಗುತ್ತದೆ. ಕೂರದೆ ಉಳಿದ ಕಪ್ ಓಡಾಟದಲ್ಲಿ ಇಳಿದು, ನೀವು ಹೊಂದಿಸಿದ ನಟ್ ಎರಡೇ ದಿನಕ್ಕೆ ಸಡಿಲವಾಗುತ್ತದೆ.

ಗ್ರೀಸ್ ತುಂಬುವಾಗ ಅಂಗೈಯಲ್ಲಿ ನಿಂಬೆ ಗಾತ್ರದ ಉಂಡೆ ಇಟ್ಟುಕೊಂಡು ಬೇರಿಂಗ್‌ನ ಅಗಲ ಬದಿಯನ್ನು ಅದರ ಅಂಚಿಗೆ ಒತ್ತಿ ಒತ್ತಿ ಎಳೆಯಿರಿ. ಕಿರಿದಾದ ಬದಿಯಿಂದ ರೋಲರ್‌ಗಳ ನಡುವೆ ಗ್ರೀಸ್ ಇಣುಕಬೇಕು. ಹೀಗೆ ಸುತ್ತಲೂ ಮಾಡಿ. ಮೇಲೆ ಸವರಿದ್ದು ತುಂಬಿದಂತಲ್ಲ. ಹಬ್‌ನ ಖಾಲಿ ಜಾಗಕ್ಕೆ ಮೂರರಲ್ಲೊಂದು ಪಾಲಿನಿಂದ ಅರ್ಧದವರೆಗೆ ಸಾಕು. ಸಣ್ಣ ಟ್ರೈಲರ್‌ನ ಒಂದು ಗಾಲಿಗೆ ಎಲ್ಲ ಸೇರಿ ಅಂದಾಜು 80ರಿಂದ 120 ಗ್ರಾಂ. ದೊಡ್ಡ ಬೇರಿಂಗ್ ಇಟ್ಟು, ಸೀಲ್‌ನ ತುಟಿ ಒಳಮುಖವಾಗಿ ಬರುವಂತೆ ಮರದ ತುಂಡಿನಿಂದ ಸಮನಾಗಿ ತಟ್ಟಿ ಕೂರಿಸಿ. ತುಟಿಗೂ ಸ್ವಲ್ಪ ಗ್ರೀಸ್ ಹಚ್ಚಿ, ಒಣಗಿದ್ದರೆ ಮೊದಲ ಕಿಲೋಮೀಟರ್‌ನಲ್ಲೇ ಸುಟ್ಟುಕೊಳ್ಳುತ್ತದೆ.

ನಟ್ ಹೊಂದಿಸುವುದೇ ಇಡೀ ಕೆಲಸದ ಜೀವಾಳ. ಹಬ್ಬನ್ನು ನಿಧಾನವಾಗಿ ತಿರುಗಿಸುತ್ತ ನಟ್ಟನ್ನು ಸುಮಾರು 65–70 ನ್ಯೂಟನ್ ಮೀಟರ್ ಬಿಗಿ ಮಾಡಿ. ಇದು ರೋಲರ್‌ಗಳು ತಮ್ಮ ಜಾಗದಲ್ಲಿ ಕೂರಲಿ ಎಂದು ಅಷ್ಟೇ, ಹೀಗೇ ಬಿಡಬಾರದು. ಈಗ ಹಬ್ ತಿರುಗಿಸದೆ ನಟ್ಟನ್ನು ಪೂರ್ತಿ ಸಡಿಲಿಸಿ, ಮತ್ತೆ ಬೆರಳಲ್ಲಿ ಮಾತ್ರ ಬಿಗಿಸಿ. ಪಿನ್ನಿನ ರಂಧ್ರ ಸೀಳಿಗೆ ಸರಿಬರದಿದ್ದರೆ ಸಡಿಲದ ಕಡೆಗೆ ತಿರುಗಿಸಿ ಹೊಂದಿಸಿ, ಬಿಗಿಯ ಕಡೆಗಲ್ಲ. 1.5 ಮಿ.ಮೀ. ಪಿಚ್‌ನ ಥ್ರೆಡ್ (ಒಂದು ಪೂರ್ತಿ ಸುತ್ತಿಗೆ ನಟ್ ಅಷ್ಟು ಸರಿಯುತ್ತದೆ), ಆರು ಸೀಳಿನ ನಟ್ ಆದರೆ ಒಂದು ಸೀಳಿನಷ್ಟು ತಿರುಗಿಸಿದರೆ ಕಾಲು ಮಿ.ಮೀ. ಸರಿಯುತ್ತದೆ. ಈ ಬೇರಿಂಗ್‌ಗೆ 0.03ರಿಂದ 0.25 ಮಿ.ಮೀ.ವರೆಗಿನ ಆಟ (ಒಳಗೆ–ಹೊರಗೆ ಅಲುಗುವಷ್ಟು ಸಡಿಲ) ಇರಲೇಬೇಕು. ಬಿಸಿಯಾದಾಗ ಲೋಹ ಹಿಗ್ಗುತ್ತದೆ. ಆಟವೇ ಇಲ್ಲದಿದ್ದರೆ ಗ್ರೀಸ್ ಪದರ ಹಿಂಡಿಹೋಗಿ ಇನ್ನಷ್ಟು ಬಿಸಿ, ಇನ್ನಷ್ಟು ಬಿಗಿ. ಗಾಲಿ ಹಾಕಿದ ಮೇಲೆ ಟೈರನ್ನು ಮೇಲೆ–ಕೆಳಗೆ ಹಿಡಿದು ಅಲುಗಿಸಿದಾಗ ಅಂಚಿನಲ್ಲಿ ತುಸು ಅಲುಗಾಟ ಕಂಡರೆ ಗಾಬರಿ ಬೇಡ. ಹಳೆಯ ಪಿನ್ ನೆಟ್ಟಗೆ ಮಾಡಿ ಹಾಕಬೇಡಿ, ಮಡಚಿ ಬಿಡಿಸಿದ ಪಿನ್ ಮುರಿಯುತ್ತದೆ, ಆಮೇಲೆ ನಟ್ ಕಳಚಲು ತಡೆಯೇ ಇರುವುದಿಲ್ಲ.

ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ಎರಡೂ ಹಬ್ ಮುಟ್ಟಿ. ಬೆಚ್ಚಗಿದ್ದರೆ ಸರಿ. ಐದು ಸೆಕೆಂಡ್ ಕೈ ಇಡಲಾಗದಿದ್ದರೆ ಅಲ್ಲಿ ಸುಮಾರು 60 ಡಿಗ್ರಿ ದಾಟಿದೆ, ನಟ್ ಮತ್ತೊಮ್ಮೆ ನೋಡಿ.

ಪ್ರಶ್ನೆ: ಜನರೇಟರ್ ಕೂರಿಸಿದ ನಮ್ಮ ಟ್ರೈಲರ್ ಕಾರ್ಖಾನೆ ಅಂಗಳ ಬಿಟ್ಟು ಹೋಗುವುದೇ ಅಪರೂಪ. ಓಡದ ಗಾಡಿಯ ಬೇರಿಂಗ್ ಹೇಗೆ ಕೆಟ್ಟಿತು? ಎಳೆದಾಗ ಗುಂಯ್‌ಗುಟ್ಟುತ್ತದೆ. – ಪೀಣ್ಯದ ಓದುಗರು

ಓಡದೇ ಇದ್ದದ್ದರಿಂದಲೇ ಕೆಟ್ಟಿದೆ. ಜನರೇಟರ್ ಓಡುವಾಗ ಅದರ ನಡುಕ ಚಾಸಿಯಿಂದ ಆಕ್ಸಲ್‌ಗೆ, ಅಲ್ಲಿಂದ ಬೇರಿಂಗ್‌ಗೆ ಇಳಿಯುತ್ತದೆ. ಗಾಲಿ ನಿಂತಿರುವುದರಿಂದ ಪ್ರತಿ ರೋಲರ್ ಕಪ್‌ನ ಒಂದೇ ಗೆರೆಯ ಮೇಲೆ ಕೂದಲೆಳೆಯಷ್ಟು ಹಿಂದೆ ಮುಂದೆ ಉಜ್ಜುತ್ತಿರುತ್ತದೆ. ಆ ಗೆರೆಯಲ್ಲಿದ್ದ ಗ್ರೀಸ್ ಪಕ್ಕಕ್ಕೆ ಸರಿದುಹೋಗುತ್ತದೆ, ಗಾಲಿ ಉರುಳದ ಕಾರಣ ಹೊಸ ಗ್ರೀಸ್ ಬರುವುದಿಲ್ಲ. ಲೋಹ ಸವೆದು ಕೆಂಪು ಪುಡಿಯಾಗಿ, ಕಪ್ ಸುತ್ತ ಸಮ ಅಂತರದ ಗುಳಿಗಳು ಏಳುತ್ತವೆ. ಎಳೆದಾಗ ರೋಲರ್‌ಗಳು ಆ ಗುಳಿಗಳನ್ನು ದಾಟುವ ಸದ್ದೇ ನೀವು ಕೇಳುತ್ತಿರುವುದು. ಗ್ರೀಸ್ ಹಾಕಿದರೆ ಅದು ಹೋಗದು, ಜೋಡಿ ಬದಲಿಸಿ.

ಮುಂದೆ ಹೀಗಾಗದಿರಲು, ನಿಲ್ಲಿಸಿದಾಗ ನಾಲ್ಕು ಮೂಲೆಗೂ ಕಾಲು ಕೊಟ್ಟು ಗಾಲಿ ನೆಲ ಬಿಡುವಷ್ಟು ಎತ್ತಿ. ಟೈರಿಗೂ ಅದು ಹಿತ. ತಿಂಗಳಿಗೊಮ್ಮೆ ಗಾಲಿಗಳನ್ನು ಕೈಯಲ್ಲಿ ಕೆಲವು ಸುತ್ತು ತಿರುಗಿಸಿ ಬೇರೆ ಜಾಗದಲ್ಲಿ ನಿಲ್ಲಿಸಿ. ಓಡದಿದ್ದರೂ ವರ್ಷಕ್ಕೊಮ್ಮೆಯ ಬಿಚ್ಚುವಿಕೆ ತಪ್ಪಿಸಬೇಡಿ.

ಪ್ರಶ್ನೆ: ಮಳೆ ಬಂದ ರಾತ್ರಿ ಅಂಡರ್‌ಪಾಸ್‌ನಲ್ಲಿ ಹಬ್ ಮುಳುಗುವಷ್ಟು ನೀರಿನಲ್ಲಿ ಟ್ರೈಲರ್ ಎಳೆದುಕೊಂಡು ಬಂದೆವು. ಗ್ರೀಸ್ ತುಂಬಿ ಎರಡೇ ತಿಂಗಳಾಗಿದೆ. ಮತ್ತೆ ಬಿಚ್ಚಬೇಕೇ? – ಬೆಳ್ಳಂದೂರಿನ ಓದುಗರು

ಬಿಚ್ಚಿ. ಓಡಿ ಬಿಸಿಯಾದ ಹಬ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಒಮ್ಮೆಗೇ ಕುಗ್ಗುತ್ತದೆ, ಸೀಲ್ ತುಟಿಯ ಪಕ್ಕದಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಸೀಲ್ ಹೊಸದಾಗಿದ್ದರೂ ಕೊಂಚ ನೀರು ಹೊಕ್ಕಿರಬಹುದು, ಅದರಲ್ಲೂ ನಮ್ಮ ರಸ್ತೆಯ ನೀರೆಂದರೆ ಮರಳು, ಚರಂಡಿ ಎಲ್ಲ ಸೇರಿದ್ದು. ಒಂದು ವಾರದೊಳಗೆ ಡಸ್ಟ್ ಕ್ಯಾಪ್ ತೆಗೆದು ನೋಡಿ. ಗ್ರೀಸ್ ಹಾಲು ಬೆರೆಸಿದಂತೆ ಬಿಳಿಚಿದ್ದರೆ ನೀರು ಹೊಕ್ಕಿರುವುದು ಖಚಿತ. ಹೊರಗಿನದು ಚೆನ್ನಾಗಿ ಕಂಡರೂ ಸೀಲ್ ಇರುವುದು ಹಿಂದೆ, ಆದ್ದರಿಂದ ಒಳಗಿನ ಬೇರಿಂಗನ್ನೂ ನೋಡಲೇಬೇಕು. ಸರ್ವೀಸ್ ಸ್ಟೇಷನ್‌ನಲ್ಲಿ ತೊಳೆಸುವಾಗ ಹಬ್‌ನ ಹಿಂಬದಿಗೆ ನೇರವಾಗಿ ನೀರಿನ ಜೆಟ್ ಹಿಡಿಸಬೇಡಿ, ಅದೂ ಇದೇ ಕೆಲಸ ಮಾಡುತ್ತದೆ.

ಪ್ರಶ್ನೆ: ಹಬ್‌ನಲ್ಲಿ ಕಂದು ಗ್ರೀಸ್ ಇದೆ, ಅಂಗಡಿಯವರು ನೀಲಿ ಕೊಟ್ಟರು. ಬೆರೆಸಬಹುದೇ? – ರಾಜಾಜಿನಗರದ ಓದುಗರು

ಬಣ್ಣ ನೋಡಿ ಏನೂ ಹೇಳಲಾಗದು, ಅದು ಬರೀ ಬಣ್ಣ. ಮುಖ್ಯವಾದದ್ದು ಬೇಸ್. ಲಿಥಿಯಂಗೂ ಸೋಡಿಯಂ ಅಥವಾ ಜೇಡಿ ಬೇಸ್‌ಗೂ ಆಗಿಬರುವುದಿಲ್ಲ, ಬೆರೆತರೆ ತೆಳುವಾಗಿ ಹರಿದುಹೋಗುತ್ತವೆ. ಹಳೆಯದು ಯಾವುದೆಂದು ಗೊತ್ತಿಲ್ಲದಿದ್ದರೆ ಪೂರ್ತಿ ತೊಳೆದು ಹೊಸದನ್ನು ತುಂಬಿ.

ಪ್ರಶ್ನೆ: ಕೋನ್ ಸ್ಟಬ್ ಆಕ್ಸಲ್ (ಹಬ್ ಕೂರುವ ಆಕ್ಸಲ್ ತುದಿ) ಮೇಲೆ ಸಡಿಲವಾಗಿ ತಿರುಗುತ್ತದೆ. ಪಂಚ್ ಹೊಡೆದು ಅಥವಾ ವೆಲ್ಡಿಂಗ್ ಟಾಕಾ ಹಾಕಿ ಬಿಗಿ ಮಾಡಿಕೊಡುತ್ತೇವೆ ಎನ್ನುತ್ತಾರೆ. ಸರಿಯೇ? – ನೆಲಮಂಗಲದ ಓದುಗರು

ಎರಡೂ ಬೇಡ. ಟ್ರೈಲರ್ ಹಬ್‌ನಲ್ಲಿ ಕಪ್ ಬಿಗಿಯಾಗಿ, ಕೋನ್ ಕೈಯಲ್ಲಿ ಜಾರಿಸುವಂತೆ ಇರಬೇಕೆಂದೇ ಮಾಡಿರುತ್ತಾರೆ. ಓಡುವಾಗ ಕೋನ್ ಬಹಳ ನಿಧಾನವಾಗಿ ಸರಿಯುತ್ತ ಹೋಗುವುದರಿಂದ ಭಾರ ಅದರ ಒಂದೇ ಜಾಗಕ್ಕೆ ಬೀಳುವುದಿಲ್ಲ. ಸ್ಟಬ್ ಮೇಲೆ ಹೊಳಪು ಮಾತ್ರ ಇದ್ದರೆ ತೆಳುವಾಗಿ ಗ್ರೀಸ್ ಸವರಿ ಜೋಡಿಸಿ. ಉಗುರಿಗೆ ತಾಕುವ ಮೆಟ್ಟಿಲು, ಗೀರು ಅಥವಾ ನೀಲಿ ಬಣ್ಣ ಇದ್ದರೆ ಸ್ಟಬ್ ಬದಲಿಸಬೇಕು. ಪಂಚ್‌ನಿಂದ ಎದ್ದ ಚುಕ್ಕೆಗಳು ಕೆಲವೇ ದಿನದಲ್ಲಿ ಸವೆದು, ಕೋನ್ ಮೊದಲಿಗಿಂತ ಓರೆಯಾಗಿ ಕೂರುತ್ತದೆ. ವೆಲ್ಡಿಂಗ್ ಬಿಸಿ ಬೇರಿಂಗ್‌ನ ಗಡಸುತನವನ್ನೂ ಸ್ಟಬ್‌ನ ಬಲವನ್ನೂ ತೆಗೆಯುತ್ತದೆ. ಅಂಥ ಸ್ಟಬ್ ಭಾರ ಹೇರಿದಾಗ ಟಾಕಾ ಪಕ್ಕದಲ್ಲೇ ಮುರಿಯಬಹುದು. ಹೊಸ ಸ್ಟಬ್ ಮಾಡಿಸುವಾಗ ಲೇತ್‌ನವರಿಗೆ ಹೊಸ ಬೇರಿಂಗ್ ಮತ್ತು ಸೀಲ್ ಎರಡನ್ನೂ ಕೊಟ್ಟು ಅಳತೆ ತೆಗೆಸಿ. ಸೀಲ್ ತುಟಿ ಕೂರುವ ಜಾಗವನ್ನು ಪಾಲಿಶ್ ಮಾಡಿಸಲು ಮರೆಯಬೇಡಿ, ಅಲ್ಲಿ ಲೇತ್ ಉಳಿಯ ಗೆರೆ ಉಳಿದರೆ ಹೊಸ ಸೀಲ್ ಕೂಡ ಸೋರುತ್ತದೆ.